ಮಿಕ್ಕಿದ ದಾರ

೧೪ ಆಗಸ್ಟ್ ೧೯೪೫, ಮಂಗಳವಾರ. ಟೊಲಿಡೊ.

ಆ ದಾರದ ಉಂಡೆ ಮೇಜಿನ ಮೇಲೇ ಕೂತಿದೆ. ಮುಟ್ಟಲೂ ಮನಸ್ಸಿಲ್ಲ.

ಸಂಜೆ ಏಳಕ್ಕೆ ರೇಡಿಯೊ ಹೇಳಿತು: ಜಪಾನ್ ಶರಣಾಯಿತು, ಯುದ್ಧ ಮುಗಿಯಿತು. ಬೀದಿ ತುಂಬ ಪಾತ್ರೆ ಬಡಿತ, ಕಾರುಗಳ ಹಾರನ್, ಗುರುತಿಲ್ಲದವರ ಅಪ್ಪುಗೆ. ಗಂಡನನ್ನೋ ಮಗನನ್ನೋ ಯುದ್ಧಕ್ಕೆ ಕಳಿಸಿದ್ದವರು ಕಿಟಕಿಯಲ್ಲಿ ತೂಗುಹಾಕಿದ್ದ ನೀಲಿ ನಕ್ಷತ್ರದ ಬಾವುಟವನ್ನು ನಗುನಗುತ್ತಾ ಇಳಿಸಿದರು. ನಾನು ಇಳಿಸಲಿಲ್ಲ. ನನ್ನ ಗಂಡ ಲೆಸ್ಟರ್ ಯುದ್ಧದಲ್ಲಿ ಕಾಣೆಯಾಗಿದ್ದಾನೆಂದು ಮಾರ್ಚ್‌ನಲ್ಲಿ ತಂತಿ ಬಂತು. ಆಮೇಲೆ ಏನೂ ಇಲ್ಲ.

ಎದುರುಮನೆಯ ಮಿಸೆಸ್ ಕೊವಾಚ್ ಹಿತ್ತಲ ಬಾಗಿಲಿಗೆ ಬಂದರು. ಮಗ ಇಟಲಿಯಲ್ಲಿ ಸತ್ತ ಸುದ್ದಿ ಬಂದಾಗ ನೀಲಿಯ ಮೇಲೆ ತಾವೇ ಚಿನ್ನದ ನಕ್ಷತ್ರ ಹೊಲಿದವರು.

"ತಗೊಳ್ಳೇ ವರ್ನಾ. ಆಗ ಮಿಕ್ಕಿದ್ದ ಚಿನ್ನದ ದಾರ. ನಾಳೆ ಊರಿಗೆಲ್ಲ ರಜೆ, ಅಂಗಡಿ ತೆಗಿಯಲ್ಲ."

"ಲೆಸ್ಟರ್ ಸತ್ತಿಲ್ಲ."

"ಸತ್ತ ಅಂತ ನಾನೆಲ್ಲಿ ಅಂದೆ? ಮನೇಲಿರ್ಲಿ, ಇಟ್ಕೋ."

ಉಂಡೆಯನ್ನು ಕೈಗೆ ತುರುಕಿದರು. ಅವರ ಮುಖಕ್ಕೇ ಬಾಗಿಲು ಹಾಕಿದೆ.

ಈಗ ಬೀದಿಯಲ್ಲಿ ಉಳಿದಿರುವುದು ಎರಡೇ ಬಾವುಟ, ಅವರದು ಮತ್ತು ನನ್ನದು. ಅವರ ಮನೆಯ ದೀಪ ಆರಿದೆ. ನಿದ್ದೆ ಹತ್ತಿರಬೇಕು. ಮಗನನ್ನು ಕಳೆದುಕೊಂಡ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಡುವವಳು ಈ ಊರಲ್ಲಿ ನಾನೊಬ್ಬಳೇ ಏನೋ. ಅವರಿಗೆ ಅತ್ತು ಮುಗಿಸಲು ಒಂದು ದಿನವಾದರೂ ಸಿಕ್ಕಿತು.

ಎದ್ದು ಹೋಗಿ ದಾರವನ್ನು ಹೊಲಿಗೆ ಡಬ್ಬಿಯ ತಳಕ್ಕೆ, ಲೆಸ್ಟರನ ಅಂಗಿ ಗುಂಡಿಗಳ ಕೆಳಗೆ, ಇಟ್ಟು ಬಂದೆ. ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ.

ಬಾವುಟವನ್ನು ಹತ್ತಿರದಿಂದ ನೋಡಿದೆ. ಮೂರು ಬೇಸಿಗೆಯ ಬಿಸಿಲಿಗೆ ನಕ್ಷತ್ರ ಬೆಳ್ಳಗಾಗಿದೆ, ಅಂಚು ಬಿಟ್ಟುಕೊಂಡಿದೆ. ಅಂಗಡಿ ತೆರೆದ ಕೂಡಲೇ ನೀಲಿ ದಾರ ತರಬೇಕು. ದೊಡ್ಡ ಉಂಡೆಯೇ ಬೇಕು.