ಎರಡು ಡೈರಿ

3-6-2025, ಮಂಗಳವಾರ

ಬಿ.ಪಿ. ಮಾತ್ರೆ, ರಾಗಿ ಅಂಬಲಿ. ಆಮೇಲೆ ಅರಕೆರೆ ಬಸ್ಸು. ಮಗ ದೇವರಾಜು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಎಳೆದುಕೊಂಡು ಹೋದ. ಊಟ ಬಿಟ್ಟಿದ್ದೀನಂತೆ, ಸುಮ್ಮಸುಮ್ಮನೆ ಅಳುತ್ತೀನಂತೆ. ಅಲ್ಲಿ ಮನಸ್ಸಿನ ಕಷ್ಟ ಕೇಳುವುದಕ್ಕೂ ಒಬ್ಬಳು ಕೌನ್ಸೆಲರ್ ಇದ್ದಾಳೆ. ಮೆಹನಾಜ್ ಅಂತ.

"ದಿನಾ ಡೈರಿ ಬರೀರಿ ಅಜ್ಜಿ" ಅಂದಳು.

"ಡೈರಿಗೋಗಿ ವರ್ಸಾಯ್ತು ಕಣವ್ವ. ಮೆಟ್ಲು ಮ್ಯಾಲೆ ಆಲಿನ ಕ್ಯಾನ್ ಸಮೇತ ಬಿದ್ದೆ. ಊರೋರೆಲ್ಲ ನಕ್ಕರು."

ಅವಳು ಹೇಳಿದ್ದು ನೋಟ್‌ಬುಕ್ಕು. ನನಗೆ ಕೇಳಿಸಿದ್ದು ಹಾಲಿನ ಡೈರಿ... ಆದರೂ ಅವಳು ನಗಲಿಲ್ಲ. "ಅದನ್ನೇ ಬರೀರಿ" ಅಂದಳು.

ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟ. ಇರಲಿ, ಓದುವವರು ಯಾರು.

10-6, ಮಂಗಳವಾರ

ಮಗ, ಸೊಸೆ ಶ್ವೇತ ಸೇರಿ ನನ್ನನ್ನು ಡೈರಿಗೂ ಬಿಡದೆ ಮೂಲೆಗೆ ಕೂರಿಸಿದ್ದಾರೆ ಅಂತ ಮೆಹನಾಜ್ ಎದುರು ಅರ್ಧ ಗಂಟೆ ಬೈದೆ. ಎಲ್ಲ ಕೇಳಿದಳು. ಕೊನೆಗೆ, "ಅವರು ತಡೀದೇ ಇದ್ದಿದ್ರೆ ಡೈರಿಗೆ ಹೋಗ್ತಿದ್ರಾ?"



ಹೋಗುತ್ತಿರಲಿಲ್ಲ. ಮಂಡಿ ನೋವು ಅನ್ನುವುದು ನೆಪ, ಒಳಗಿರುವುದು ಭಯ. ಇವಳ ಕಾಲ ಮುಗಿಯಿತು ಅಂತ ಎಲ್ಲರೂ ನೋಡಿಬಿಟ್ಟರಲ್ಲ ಅಂತ... ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಅವಳ ಚಿಕಿತ್ಸೆ — ಖಾಲಿ ಕ್ಯಾನ್ ಹಿಡಿದು ಡೈರಿ ಕಡೆಗೆ ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು. ಎದೆ ಹೊಡೆದುಕೊಂಡರೆ ನಿಲ್ಲಬೇಕು. ವಾಪಸ್ ಓಡಬಾರದು.

12-6

ಬಾಗಿಲಿನಿಂದ ಬೋರ್‌ವೆಲ್‌ವರೆಗೆ. ಎದೆ ಢವಢವ. ನಿಂತೆ. ಸಾಯಲಿಲ್ಲ.

29-6, ಭಾನುವಾರ

ನಾಲೆ ಸೇತುವೆವರೆಗೆ. ಶ್ವೇತ ಹಿಂದೆಯೇ ಬಂದಳು.

"ನಿಮ್ಗ್ಯಾಕತ್ತೆ, ಕೊಡಿ ನಾನಿಡ್ಕೊತೀನಿ."

"ಖಾಲಿ ಕ್ಯಾನ್ ಕಣೇ. ಒಳ್ಗೆ ನನ್ ಭಯ ಅದೆ. ನಿಂಗೂ ಒಂದ್ಲೋಟ ಬೇಕಾ?"

ನಕ್ಕುಬಿಟ್ಟಳು. ನಾಳೆ ಹಾಲು ತುಂಬಿಕೊಡುತ್ತಾಳಂತೆ.

30-6, ಬೆಳಿಗ್ಗೆ 8

ಹೋದೆ. ಐದು ಲೀಟರು. ಬಿದ್ದ ಮೆಟ್ಟಿಲ ಹತ್ತಿರ ಬಂದೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ನಿಂತೆ. ಉಸಿರು ಬಿಟ್ಟೆ. ಹತ್ತಿದೆ.

ಹಾಲು ಅಳೆಯುವ ಚಲುವರಾಜು, "ಏನವ್ವೋ, ಇವತ್ತೂ ಚೆಲ್ಬುಡ್ತೀಯಾ?" ಅಂದ.

"ಚೆಲ್ಲಕ್ಕೇ ಬಂದಿವ್ನಿ ಕಣ್ಲಾ, ನಿನ್ ತಲೆ ಮ್ಯಾಲೆ. ಬಗ್ಗು."

ಸಾಲಿಗೆ ಸಾಲೇ ನಕ್ಕಿತು, ಅವನನ್ನು ನೋಡಿ. ಒಂದು ತೊಟ್ಟೂ ಚೆಲ್ಲಲಿಲ್ಲ.

ಸಂಜೆ 5

ನಾಳೆ ಮೆಹನಾಜ್‌ಗೆ ಹೇಳಬೇಕಾದದ್ದು ಬರೆದಿಡೋಣ ಅಂತ ಕೂತೆ. ಭಯ ಪೂರ್ತಿ ಹೋಗಿಲ್ಲ, ಪಕ್ಕದಲ್ಲೇ ನಡೆದು ಬರುತ್ತದೆ. ಬರಲಿ. ಕ್ಯಾನ್ ಮಾತ್ರ ನನ್ನ ಕೈಯಲ್ಲೇ. ಇನ್ನೊಂದು — ಶ್ವೇತ ಕೂಗುತ್ತಿದ್ದಾಳೆ, ಹಾಲು ಕರೆದಾಯಿತಂತೆ. ಉಳಿದದ್ದು ಡೈರಿಯಿಂದ ಬಂದು...