ಉಗ್ರಾಣದಲ್ಲಿ ನಿನ್ನ ಕಪಾಟು

ಟ್ರೊಂಡ್‌ಹೈಮ್

ಸುನ್ನಿವಾ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ವರದಿ ಮಾಡುವುದು ನನ್ನ ಕರ್ತವ್ಯ. ನೀನು ನಮ್ಮ ಗುಂಪು ಬಿಟ್ಟ ಮೇಲೂ ಕಂಪ್ಯೂಟರ್ ಆಟದ ಉಗ್ರಾಣದಲ್ಲಿ ನಿನ್ನ ಕಪಾಟು ಬೀಗ ಹಾಕಿಕೊಂಡೇ ಕೂತಿತ್ತು. ಇವತ್ತು ಅದನ್ನು ತೆರೆದೆವು.

ಆಟ ಒಳ್ಳೆಯದೆಂದು ಈಗಲೂ ವಾದಿಸುತ್ತೇನೆ. ನಾಲ್ವರಿಗೆ ಒಂದೇ ಉಗ್ರಾಣ. ಒಬ್ಬರು ಮೀನಿನ ಪೀಪಾಯಿಯನ್ನು ಒಲೆಯ ಪಕ್ಕ ಇಟ್ಟರೆ ಮೀನು ಕೆಟ್ಟು ಚಳಿಗಾಲದಲ್ಲಿ ಎಲ್ಲರೂ ಉಪವಾಸ. ನಾನು ಓದಿದ ಯಾವ ಕರಪತ್ರವೂ ಸಮಪಾಲನ್ನು ಇಷ್ಟು ಚೆನ್ನಾಗಿ ಕಲಿಸಿಲ್ಲ. ದೋಷವೆಂದರೆ, ಪ್ರತಿಯೊಬ್ಬರಿಗೂ ಒಂದು ಖಾಸಗಿ ಕಪಾಟು ಕೊಟ್ಟಿರುವುದು. ಆಟಗಾರ ಬಾರದಿದ್ದರೂ ಅದು ಜಾಗ ತಿನ್ನುತ್ತದೆ; ಉಳಿದವರೆಲ್ಲ ಒಪ್ಪಿದರೆ ಮಾತ್ರ ತೆರೆಯುತ್ತದೆ. ನಮ್ಮ ಜಗಳವೂ ಅದರ ಮೇಲೆಯೇ ತಾನೆ? "ಒಂದು ಮೂಲೆಯಾದ್ರೂ ನಂದು ಅಂತ ಇರ್ಲಿ ಬಿಡೋ," ಅಂದಿದ್ದೆ ನೀನು. ನಾನು ಭಾಷಣ ಮಾಡಿದ್ದೆ.

ಇವತ್ತು ನಾವು ಮೂವರು ಎಂದಿನಂತೆ ಆಡಲು ಕೂತ ಗ್ರಂಥಾಲಯದ ನೆಲಮಾಳಿಗೆಯಲ್ಲಿ ರಗ್ನಿಲ್ ವಾಫಲ್ ಅಗಿಯುತ್ತಾ, "ನಿಂದೇ ತತ್ವ ಮಾರಾಯ, ಕೈ ಎತ್ತು," ಅಂದಳು.

"ಕಾಮ್ರೇಡ್‌ಗೆ ಇವತ್ತು ಕೈನೋವಂತೆ," ಎಂದು ಟೊರ್ಗೈರ್ ನಕ್ಕ.

ನಾನೇ ಮೊದಲು ಎತ್ತಿದೆ. ನಿನ್ನ ಉಣ್ಣೆ, ಉಪ್ಪು, ಮೇಣದಬತ್ತಿ ಎಲ್ಲವನ್ನೂ ಮೂವರಿಗೂ ಸಮನಾಗಿ ಹಂಚಿದೆ. ಅದು ಸರಿಯಾದ ಕೆಲಸ. ನೀನು ಎದುರಿಗಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಆಮೇಲೆ ಟೊರ್ಗೈರ್ ಖಾಲಿಯಾದ ಕಪಾಟಿಗೆ ಬಾರ್ಲಿ ಮೂಟೆ ತಂದ.

"ಅಲ್ಲಿ ಬೇಡ ಕಣೋ, ಆ ಹಲಗೆಗೆ ತೇವ ಹಿಡಿದಿದೆ," ಅಂದೆ.

ಈ ಆಟದಲ್ಲಿ ಹಲಗೆಗೆ ತೇವ ಹಿಡಿಯುವುದಿಲ್ಲ. ಅದು ಮೂವರಿಗೂ ಗೊತ್ತು. ಟೊರ್ಗೈರ್ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ನಿನ್ನ ಕಪಾಟನ್ನು ಖಾಲಿಯೇ ಬಿಟ್ಟು, ಮೂಟೆಯನ್ನು ಉಗ್ರಾಣದ ಬಾಗಿಲಿಗೆ ಅಡ್ಡವಾಗಿ ಇಟ್ಟ.