ಬಾಯಿ ಆಡಿಸಿದರೆ ಸಾಕಂತೆ

ಡಿಸೆಂಬರ್ ೧೪, ಶನಿವಾರ

ಊಟ ಸೇರಲಿಲ್ಲ. ಹೇಸಿಗೆ ಇನ್ನೂ ಹೋಗಿಲ್ಲ.

ಶಾಲೆಯ ವಾರ್ಷಿಕೋತ್ಸವಕ್ಕೆಂದು ಎಂಟನೆಯ ತರಗತಿಯ ಮಕ್ಕಳಿಗೆ ಜೂನ್‌ನಿಂದ ಹಾಡು ಕಲಿಸಿದ್ದೆ. ಸಂಗೀತದ ಪಿರಿಯಡ್ಡನ್ನು ಗಣಿತದವರು ಕಿತ್ತುಕೊಂಡರೂ ಮಧ್ಯಾಹ್ನದ ಡಬ್ಬಾ ತಿನ್ನುವ ಹೊತ್ತಿನಲ್ಲಿ ಮಕ್ಕಳು ಕಲಿತರು. ಕಳವಾ ಉಪನಗರದಿಂದ ಬರುವ ಪ್ರಣೀತಾ ಒಬ್ಬಳೇ ಹಾಡಬೇಕಾದ ಸಾಲುಗಳೂ ಇದ್ದವು.

ಮಕ್ಕಳು ಸ್ಟೇಜ್ ಹತ್ತುವಾಗ ಹೆಡ್‌ಮಾಸ್ಟರ್ ಮಧ್ವರಾಜರು ಬಂದು, "ರಿಸ್ಕ್ ಬೇಡ ಟೀಚರ್, ಟ್ರ್ಯಾಕ್ ಹಾಕಿಸ್ತೇನೆ. ಮಕ್ಕಳು ಬಾಯಿ ಆಡಿಸಿದ್ರೆ ಸಾಕು, ವಿಡಿಯೋ ಚೆಂದ ಬರ್ಬೇಕು" ಎಂದರು. ನಾನು ಬೇಡವೆನ್ನುವಷ್ಟರಲ್ಲಿ ಮೈಕು ಆಫ್ ಆಗಿತ್ತು. ಯಾರೋ ಗಾಯಕಿಯ ದನಿ ಹಾಲ್ ತುಂಬಿತು.

ಪ್ರಣೀತಾ ಮಾತ್ರ ನಿಜವಾಗಿಯೇ ಹಾಡಿದಳು. ಕುತ್ತಿಗೆಯ ನರ ಉಬ್ಬಿದ್ದು ಕಂಡಿತು, ದನಿ ಕೇಳಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಥೂ.

ಹೊರಗೆ ಅವಳ ಅಮ್ಮ ಲೋಲಾಕ್ಷಿ ನನ್ನ ಕೈ ಹಿಡಿದುಕೊಂಡರು. "ಎಂಥ ಸ್ವರ ಟೀಚರ್! ನಂಗೆ ಕಣ್ಣೀರೇ ಬಂತು ಮಾರಾಯ್ರೆ."

"ಮಮ್ಮಿ, ವೋ ಮೇರಿ ಆವಾಜ್ ನಹೀ ಥೀ" ಎಂದು ಅದು ತನ್ನ ದನಿಯೇ ಅಲ್ಲವೆಂದು ಹಿಂದಿಯಲ್ಲೇ ಹೇಳಿಬಿಟ್ಟಳು ಪ್ರಣೀತಾ.

ಲೋಲಾಕ್ಷಿ ನಗುತ್ತಲೇ ನನ್ನತ್ತ ನೋಡಿದರು. "ಹೌದು, ಅವಳದ್ದಲ್ಲ" ಎಂದೆ. ಅವರ ಕೈ ಮೆಲ್ಲಗೆ ಸಡಿಲಾಯಿತು.

ಸೋಮವಾರ ಆ ಹುಡುಗಿಗೆ ಯಾವ ಮುಖ ಇಟ್ಟುಕೊಂಡು "ಬಾಯಿಬಿಟ್ಟು ಹಾಡು" ಎನ್ನಲಿ?